ಜಿಪ್ಸಿ ಮುಂದಿನ ಡಿಫರೆನ್ಶಿಯಲ್ ವೆಲ್ಡ್ ಮಾಡ್ಸಿರೋರು ಇದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ನಂದು ಮಾರುತಿ ಜಿಪ್ಸಿ 1.3, ಸಕಲೇಶಪುರ ಕಡೆ ಮಳೆಗಾಲದಲ್ಲಿ ಎಸ್ಟೇಟ್ ರೋಡಲ್ಲಿ ಓಡ್ಸೋದು, ಹಿಂದಿನ ಡಿಫರೆನ್ಶಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಸೆಟ್) ಆಗ್ಲೇ ವೆಲ್ಡ್ ಆಗಿದೆ ಆದ್ರೂ ಕೆಸರಲ್ಲಿ ಮುಂದಿನ ಒಂದ್ ಚಕ್ರ ಮೇಲೆದ್ರೆ ಅದೊಂದೇ ಸುಮ್ನೆ ತಿರುಗುತ್ತೆ, ಇನ್ನೊಂದು ಅಲ್ಲಾಡಲ್ಲ. ಎರಡೂ ಚಕ್ರ ಒಟ್ಟಿಗೆ ತಿರುಗೋ ಹಾಗೆ ಮಾಡೋ ಲಾಕರ್ ತರ್ಸೋಷ್ಟು ದುಡ್ಡಿಲ್ಲ, ಅದಕ್ಕೆ ಮುಂದಿನ ಸ್ಪೈಡರ್ ಗೇರನ್ನೂ (ಡಿಫರೆನ್ಶಿಯಲ್ ಒಳಗಿನ ಸಣ್ಣ ಗೇರ್) ವೆಲ್ಡ್ ಮಾಡ್ಸೋಣ ಅಂತ. ಮುಂದಿನ ಚಕ್ರಾನ ಆಕ್ಸಲ್‌ಗೆ ಸೇರ್ಸೋ, ಬಿಡ್ಸೋ ಫ್ರೀ ವೀಲ್ ಹಬ್ ಇದೆ, ಟಾರ್ ರೋಡಲ್ಲಿ ಫ್ರೀ ಮಾಡ್ಕೊಂಡ್ರೆ ತೊಂದ್ರೆ ಇಲ್ಲ. ನನ್ ಭಯ ಎಲ್ಲಾ ಸಿವಿ ಜಾಯಿಂಟ್ (ಸ್ಟೇರಿಂಗ್ ತಿರುಗ್ಸಿದಾಗ್ಲೂ ಮುಂದಿನ ಚಕ್ರಕ್ಕೆ ಶಕ್ತಿ ತಲುಪ್ಸೋ ಕೀಲು) ಬಗ್ಗೆ, ಸ್ಟೇರಿಂಗ್ ಪೂರ್ತಿ ತಿರುಗ್ಸಿ ಆಕ್ಸಿಲರೇಟರ್ ಒತ್ತಿದ್ರೆ ಮೊದ್ಲು ಹೋಗೋದೇ ಅದು. ಪವರ್ ಸ್ಟೇರಿಂಗ್ ಇಲ್ದೆ ಘಾಟಿ ಇಳಿಜಾರಲ್ಲಿ ಹಬ್ ಲಾಕ್ ಮಾಡಿ ತಿರುಗ್ಸಕ್ಕಾಗುತ್ತಾ? ಆ ಗೇರ್ ಸ್ಟೀಲ್ ತುಂಬಾ ಗಟ್ಟಿ, ಬಿಸಿ ಮಾಡ್ದೆ ವೆಲ್ಡ್ ಹಾಕಿದ್ರೆ ಬಿರುಕು ಬಿಡುತ್ತೆ, ಹಾಗಾಗಿ ಯಾವ ರಾಡ್ ಬಳಸಿದ್ರಿ, ಹೇಗೆ ನಿಧಾನಕ್ಕೆ ತಣ್ಣಗೆ ಮಾಡಿದ್ರಿ ದಯವಿಟ್ಟು ಹೇಳಿ. ಹಾಸನ ಮಡಿಕೇರಿ ಕಡೆ ಇದನ್ನ ನೀಟಾಗಿ ಮಾಡೋ ಮೆಕ್ಯಾನಿಕ್ ಗೊತ್ತಿದ್ರೂ ತಿಳ್ಸಿ.