ಪದ ಬೇಕು: ‘ಶ್ಯಾಮ್ ಅಕ್ಯುಪಂಕ್ಚರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕಾಗಿದೆ. ಬಿಡದೆ ಕಾಡುವ ಅಜೀರ್ಣಕ್ಕೆ ಅಕ್ಯುಪಂಕ್ಚರ್ ಕೆಲಸ ಮಾಡುತ್ತದೆಯೇ ಎಂದು ನೋಡುವ ಒಂದು ಅಧ್ಯಯನದ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೇರುವವರಲ್ಲಿ ಅರ್ಧ ಜನಕ್ಕೆ ನಿಜವಾದ ಅಕ್ಯುಪಂಕ್ಚರ್, ಉಳಿದರ್ಧಕ್ಕೆ ‘ಶ್ಯಾಮ್’ ಅಕ್ಯುಪಂಕ್ಚರ್. ನೋಡಲು ಅದರ ಥರವೇ ಇರುತ್ತದೆ, ಆದರೆ ಅದಲ್ಲ. ತನಗೆ ಸಿಕ್ಕಿದ್ದು ಯಾವುದು ಅಂತ ರೋಗಿಗೆ ಗೊತ್ತಾಗಬಾರದು, ಆದರೆ ಹೀಗೆ ಎರಡು ಗುಂಪು ಇವೆ ಅನ್ನೋದನ್ನು ಮೊದಲೇ ಹೇಳಿ ಸಹಿ ಪಡೆಯಬೇಕು. ಶ್ಯಾಮ್ ಅಂತಲೇ ಬರೆದರೆ ಯಾರದೋ ಹೆಸರು ಅಂದುಕೊಳ್ಳುತ್ತಾರೆ. ‘ನಕಲಿ’ ಅಂದರೆ ನಕಲಿ ಡಾಕ್ಟರ್ ನೆನಪಾಗುತ್ತದೆ. ಹುಸಿ, ಸುಳ್ಳು, ತೋರಿಕೆ, ಇವುಗಳಲ್ಲಿ ಯಾವುದು? ಓದುವವರು ಹೊಟ್ಟೆಯ ತೊಂದರೆಯಿಂದ ಬೇಸತ್ತು ಬಂದ ಸಾಮಾನ್ಯ ಜನ, ಇದೊಂದು ಗಮನದಲ್ಲಿರಲಿ.

ಮರು:
ಹುಸಿ. ಚರ್ಚೆಯೇ ಬೇಡ. ಹಳಗನ್ನಡದ ಪುಸಿ, ಪಾಲು ಹಾಲಾದ ಹಾಗೆ ಹುಸಿ ಆಯಿತು. ಹುಸಿನಗೆ, ಹುಸಿಮುನಿಸು, ಹುಸಿಗೋಪ ಎಲ್ಲವೂ ಹೊರಗೆ ನಿಜದ ಹಾಗೆ, ಒಳಗೆ ಅಲ್ಲ. ನೀವು ಕೇಳಿದ ಅರ್ಥ ಇದೇ ಅಲ್ವಾ? ಇನ್ನು ಅಕ್ಯುಪಂಕ್ಚರ್ ಯಾಕೆ, ಸೂಜಿಮದ್ದು ಅನ್ನಿ. ಅಜೀರ್ಣ ಬಿಡಿ, ಅರಗದಿಕೆ ಅನ್ನಿ. ಅರಗು ಅನ್ನೋ ಬೇರು ನಮ್ಮದೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟೋದು ಯಾಕೆ?

ಮರು:
‘ಸೂಜಿ’ಯೇ ಸಂಸ್ಕೃತದ ಸೂಚಿಯ ತದ್ಭವ. ಬಾಗಿಲು ತಟ್ಟಬೇಡಿ ಅನ್ನುವವರು ಆಗಲೇ ಒಳಗೆ ಕೂತಿದ್ದಾರೆ. ಮದ್ದು ಕುಡಿಯುವುದು, ಹಚ್ಚುವುದು. ಇಲ್ಲಿ ಮದ್ದೇ ಇಲ್ಲವಲ್ಲ! ಒಪ್ಪಿಗೆ ಪತ್ರ ಕಾನೂನಿನ ಕಾಗದ, ಅದಕ್ಕೆ ತೂಕದ ಮಾತು ಬೇಕು. ‘ಛದ್ಮ ಸೂಚೀಚಿಕಿತ್ಸೆ’ ಅನ್ನಿ. ಅಜೀರ್ಣಕ್ಕಿಂತ ‘ಅಗ್ನಿಮಾಂದ್ಯ’ ಮೇಲು. ಅಜೀರ್ಣವೇ ಬೇಕು ಅಂದರೂ ತಪ್ಪಿಲ್ಲ. ಜೄ ಧಾತುವಿಗೆ ಸವೆಯುವುದು ಅಂತ ಅರ್ಥ. ಗುಡಿಯ ಜೀರ್ಣೋದ್ಧಾರ, ಊಟ ಜೀರ್ಣವಾಗುವುದು, ಎರಡೂ ಒಂದೇ ಬೇರಿನವು. ‘ಅರಗದಿಕೆ’ ಎನ್ನುವ ಪದವನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ.

ಮರು:
ಇಬ್ಬರೂ ಮುಖ್ಯವಾದ ಪ್ರಶ್ನೆ ಕೇಳಲೇ ಇಲ್ಲ. ಆ ಅಧ್ಯಯನದಲ್ಲಿ ಎರಡನೇ ಗುಂಪಿನವರಿಗೆ ನಿಜಕ್ಕೂ ಏನು ಮಾಡುತ್ತಾರೆ?

ಶ್ಯಾಮ್ ಅನ್ನೋದು ಒಂದೇ ಬಗೆಯದಲ್ಲ. ಒಂದು ಬಗೆಯಲ್ಲಿ ಸೂಜಿ ನಿಜದ್ದೇ, ಚುಚ್ಚುವುದೂ ನಿಜವೇ. ಆದರೆ ಹೊಟ್ಟೆಗೆ ಅಂತ ಬಳಸುವ ಬಿಂದುಗಳನ್ನು, ಅಂದರೆ ಮಂಡಿಯ ಕೆಳಗಿನ ಝುಸಾನ್ಲಿ, ಹೊಕ್ಕುಳ ಮೇಲಿನ ಝೊಂಗ್‌ವಾನ್ ಮುಂತಾದವನ್ನು ಬಿಟ್ಟು, ಯಾವ ಬಿಂದುವೂ ಅಲ್ಲದ ಕಡೆ ಮೇಲ್ಮೇಲೆ ಚುಚ್ಚುತ್ತಾರೆ. ಇನ್ನೊಂದರಲ್ಲಿ ಸೂಜಿಯೇ ಬೇರೆ. 1998ರಲ್ಲಿ ಸ್ಟ್ರೈಟ್‌ಬರ್ಗರ್ ಮತ್ತು ಕ್ಲೈನ್‌ಹೆಂಜ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರಿಸಿದ ಸೂಜಿಯ ಮೊನೆ ಮೊಂಡು. ಒತ್ತಿದರೆ ಚರ್ಮದೊಳಗೆ ಇಳಿಯುವುದಿಲ್ಲ, ನಾಟಕದ ಚೂರಿಯ ಹಾಗೆ ತನ್ನ ಹಿಡಿಯೊಳಗೇ ಸರಿಯುತ್ತದೆ. ಇದಕ್ಕೆ ಬೇಕಾದರೆ ಹುಸಿ ಸೂಜಿ ಅನ್ನಿ. ಆದರೆ ಮೊದಲನೇ ಬಗೆಗೆ ಹಾಗಂದರೆ ಅದು ತಪ್ಪು ಮಾಹಿತಿ. ಸೂಜಿ ಹುಸಿ ಅಂತ ಓದಿ ಸಹಿ ಹಾಕಿದವರಿಗೆ ಚುಚ್ಚಿ ಒಂದು ಹನಿ ರಕ್ತ ಬಂದರೆ ಅವರಿಗೆ ಏನು ಹೇಳುತ್ತೀರಿ? ಹಾಗಾಗಿ ವಿಶೇಷಣ ಯಾವುದೇ ಇರಲಿ, ಅದು ಸೂಜಿಗೆ ಅಂಟಬಾರದು.

ಸೂಜಿಮದ್ದು ಬೇಡವೇ ಬೇಡ. ಮಾತಿನಲ್ಲಿ ‘ಡಾಕ್ಟರು ಸೂಜಿ ಹಾಕಿದರು’ ಅಂದರೆ ಇಂಜೆಕ್ಷನ್. ಅಕ್ಯುಪಂಕ್ಚರ್ ಸೂಜಿಗೆ ತೂತೇ ಇಲ್ಲ, ಅದರಿಂದ ಔಷಧ ಒಳಗೆ ಹೋಗಲ್ಲ. ‘ಪೊಳ್ಳು ಸೂಜಿ’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಪೊಳ್ಳಾಗಿರುವುದು ಇಂಜೆಕ್ಷನ್ ಸೂಜಿ.

ಅಗ್ನಿಮಾಂದ್ಯವೂ ಬೇಡ. ಜಠರಾಗ್ನಿ ಮಂದವಾಗಿದೆ ಅನ್ನುವ ಆಯುರ್ವೇದದ ಕಾರಣ ಆ ಪದದೊಳಗೇ ಇದೆ. ಇಲ್ಲಿ ಕಾಯಿಲೆಯನ್ನು ಗುರುತಿಸುವ ರೀತಿಯೇ ಬೇರೆ. 2016ರ ರೋಮ್ 4 ಮಾನದಂಡ ನೋಡಿ. ಊಟದ ನಂತರ ಹೊಟ್ಟೆ ಭಾರ, ಸ್ವಲ್ಪ ತಿಂದರೂ ತುಂಬಿದ ಹಾಗಾಗುವುದು, ಮೇಲ್ಹೊಟ್ಟೆಯ ನೋವು ಅಥವಾ ಉರಿ, ಇವುಗಳಲ್ಲಿ ಒಂದಾದರೂ ಇರಬೇಕು. ಶುರುವಾಗಿ 6 ತಿಂಗಳಾದರೂ ಆಗಿರಬೇಕು, ಕಳೆದ 3 ತಿಂಗಳು ಕಾಡಿರಬೇಕು, ಎಂಡೋಸ್ಕೋಪಿ ಮಾಡಿದರೂ ಹುಣ್ಣು ಗಿಣ್ಣು ಏನೂ ಕಾಣಬಾರದು. ‘ಬಿಡದೆ ಕಾಡುವ ಅಜೀರ್ಣ’ ಅಂತ ಕೇಳಿದವರೇ ಬರೆದಿದ್ದಾರಲ್ಲ, ಅದಕ್ಕಿಂತ ಚೆನ್ನಾಗಿ ನಮಗ್ಯಾರಿಗೂ ಹೊಳೆದಿಲ್ಲ.

ಮರು:
ಜನ ಹೇಳೋದು ‘ಗ್ಯಾಸ್ಟ್ರಿಕ್’. ‘ನನಗೆ ಗ್ಯಾಸ್ಟ್ರಿಕ್ ಇದೆ’ ಅಂತಾರೆ. ಅದನ್ನೇ ಬರೆಯಿರಿ, ಓದಿದ ತಕ್ಷಣ ತಿಳಿಯುತ್ತೆ.

ಮರು:
ಗ್ಯಾಸ್ಟ್ರಿಕ್ ಇಂಗ್ಲಿಷಿನಲ್ಲಿ ಬರೀ ವಿಶೇಷಣ, ‘ಜಠರದ’ ಅಂತ ಅರ್ಥ. ನಾವು ಅದನ್ನು ಕಾಯಿಲೆಯ ಹೆಸರೇ ಮಾಡಿಕೊಂಡೆವು. ಹೀಗೆ ಮಾಡಿಕೊಳ್ಳುವುದು ಭಾಷೆಯ ಶಕ್ತಿ ಅಂತಲೇ ನಾನು ನಂಬಿದ್ದೇನೆ. ಆದರೆ ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ ಎಲ್ಲಕ್ಕೂ ಜನ ಅದನ್ನೇ ಅನ್ನುತ್ತಾರೆ. ಅಧ್ಯಯನಕ್ಕೆ ಸೇರಬಾರದವರೂ ಬಂದು ಸಾಲಲ್ಲಿ ನಿಲ್ಲುತ್ತಾರೆ.

ಮರು:
‘ಜನಕ್ಕೆ ಗೊತ್ತಿರುವ ಪದ’ ಎನ್ನುವುದು ಸೋಮಾರಿತನದ ವಾದ. ನಾವು ಬಳಸಲಿಲ್ಲ, ಅದಕ್ಕೇ ಗೊತ್ತಿಲ್ಲ. ಅರಗದಿಕೆಯನ್ನು ಹತ್ತು ಕಡೆ ಬರೆದು ನೋಡಿ, ಹನ್ನೊಂದನೇ ಕಡೆ ತಾನಾಗಿ ಬರುತ್ತದೆ. ಹುಸಿ ಯಾಕೆ ಬೇಡ ಅಂತ ಇನ್ನೂ ಯಾರೂ ಹೇಳಿಲ್ಲ.

ಮರು:
ಹೇಳುತ್ತೇನೆ. ಹತ್ತು ಕಡೆ ಬರೆಯಿರಿ, ಬೇಡ ಅನ್ನಲ್ಲ. ಆದರೆ ಮೊದಲನೇ ಕಡೆ ಒಪ್ಪಿಗೆ ಪತ್ರ ಆಗಬಾರದು. ಸಹಿ ಹಾಕುವವರ ಮೇಲೆ ಪದ ಕಟ್ಟುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ.

ಹುಸಿನಗೆಯ ಕಾಲ ಹೋಯಿತು. ಇವತ್ತು ಪತ್ರಿಕೆಯಲ್ಲಿ ಓದುವುದು ಹುಸಿ ಭರವಸೆ, ಹುಸಿ ಬಾಂಬ್ ಬೆದರಿಕೆ. ಮೋಸ ಅನ್ನೋ ಅರ್ಥವೇ ಮುಂದೆ ನಿಲ್ಲುತ್ತದೆ, ಇಲ್ಲವೇ ಟೊಳ್ಳು, ಕೆಲಸಕ್ಕೆ ಬಾರದ್ದು ಅನ್ನೋ ಅರ್ಥ. ಎರಡೂ ಇಲ್ಲಿ ಸರಿಯಲ್ಲ. ಮೊದಲೇ ತಿಳಿಸಿ ಮಾಡುವುದು ಮೋಸವಲ್ಲ. ಕೆಲಸಕ್ಕೆ ಬಾರದ್ದು ಅನ್ನೋಣವೆಂದರೆ, 2020ರಲ್ಲಿ ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್‌ನಲ್ಲಿ ಬಂದ ಚೀನಾದ ಅಧ್ಯಯನ ನೋಡಿ. ಊಟದ ನಂತರ ಹೊಟ್ಟೆ ಭಾರವಾಗುವ ಬಗೆಯ ಅಜೀರ್ಣ ಇದ್ದ 278 ಜನ, 4 ವಾರಗಳಲ್ಲಿ 12 ಸಲ ಚಿಕಿತ್ಸೆ. ನಿಜವಾದ ಅಕ್ಯುಪಂಕ್ಚರ್ ಗುಂಪಿನಲ್ಲಿ ಶೇ. 83ರಷ್ಟು ಜನಕ್ಕೆ ಸುಧಾರಿಸಿತು. ಇನ್ನೊಂದು ಗುಂಪಿನಲ್ಲಿ ಶೇ. 51.6. ಅರ್ಧಕ್ಕಿಂತ ಜಾಸ್ತಿ! ಎರಡನೇ ಗುಂಪು ಇಲ್ಲದೇ ಹೋಗಿದ್ದರೆ ಆ 83ನ್ನೂ ಪೂರ್ತಿ ಸೂಜಿಯ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದೆವು. ಮೂರು ಮುಖ್ಯ ತೊಂದರೆಗಳೂ ಪೂರ್ತಿ ಹೋದವರನ್ನಷ್ಟೇ ಎಣಿಸಿದರೆ ಶೇ. 27.8 ಮತ್ತು 17.3, ಅಂತರ ಇನ್ನೂ ಚಿಕ್ಕದು. ಈ ಕಾಯಿಲೆ ತಾನಾಗಿ ಏರುತ್ತದೆ, ಇಳಿಯುತ್ತದೆ. ಜನ ಚಿಕಿತ್ಸೆಗೆ ಬರುವುದು ತೀರಾ ಜೋರಾದಾಗ, ಆಮೇಲೆ ಇಳಿಯುವುದು ಸಹಜ. ಒಬ್ಬರು ಕೂತು ಕೇಳಿಸಿಕೊಂಡರು, ಮುಟ್ಟಿ ನೋಡಿದರು ಅನ್ನೋದಕ್ಕೂ ಹೊಟ್ಟೆ ಸ್ಪಂದಿಸುತ್ತದೆ. ಈ ಎರಡನೇ ಗುಂಪಿನವರು ಇಲ್ಲದೆ ಯಾವುದೂ ತಿಳಿಯುವುದಿಲ್ಲ. ಅವರಿಗೆ ‘ಹುಸಿ’ ಸಿಕ್ಕವರು ಅಂತ ಹಣೆಪಟ್ಟಿ ಬೇಡ. ‘ತೋರಿಕೆ’ ಅನ್ನಿ. ತೋರು ಅನ್ನೋದೂ ನಮ್ಮ ಬೇರೇ ಅಲ್ವಾ?

ಮರು:
ಎಲ್ಲರಿಗೂ ಧನ್ಯವಾದ. ವಿಚಾರಿಸಿದೆ, ನಮ್ಮದರಲ್ಲಿ ಮೊದಲನೇ ಬಗೆ. ಸೂಜಿ ನಿಜದ್ದು, ಬಿಂದು ಅಲ್ಲದ ಕಡೆ ಮೇಲ್ಮೇಲೆ ಚುಚ್ಚುವುದು. ಹೀಗೆ ಬರೆದಿದ್ದೇನೆ:

‘ನಿಮಗೆ ಅಕ್ಯುಪಂಕ್ಚರ್ ಅಥವಾ ತೋರಿಕೆಯ ಅಕ್ಯುಪಂಕ್ಚರ್, ಇವೆರಡರಲ್ಲಿ ಒಂದು ಸಿಗುತ್ತದೆ. ತೋರಿಕೆಯ ಚಿಕಿತ್ಸೆಯಲ್ಲೂ ಸೂಜಿ ಚುಚ್ಚುತ್ತಾರೆ. ಆದರೆ ಅಕ್ಯುಪಂಕ್ಚರ್‌ನಲ್ಲಿ ಹೇಳಿರುವ ಜಾಗಗಳಲ್ಲಿ ಅಲ್ಲ, ಆಳವಾಗಿಯೂ ಅಲ್ಲ. ಯಾವುದು ಸಿಗಬೇಕು ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸುತ್ತಾರೆ. ನಿಮಗೆ ಸಿಕ್ಕಿದ್ದು ಯಾವುದು ಎಂದು ಅಧ್ಯಯನ ಮುಗಿಯುವವರೆಗೆ ಹೇಳುವುದಿಲ್ಲ.’

‘ಯಾದೃಚ್ಛಿಕ’ ಅಂತ ಇದ್ದದ್ದನ್ನು ಚೀಟಿಗೆ ಬದಲಾಯಿಸಿದ್ದು ನಾನೇ. ‘ನಿಮ್ಮ ಮೇಲೆ ಪ್ರಯೋಗ’ ಅಂತ ಇದ್ದ ಕಡೆಯೆಲ್ಲ ಅಧ್ಯಯನ ಅಂತ ಮಾಡಿದ್ದೇನೆ. ಪರೀಕ್ಷೆ ಅಂದರೆ ರಕ್ತಪರೀಕ್ಷೆ ಅಂದುಕೊಳ್ಳುತ್ತಾರೆ.

ಮರು:
ಚೀಟಿಯಲ್ಲಿ ಗಾಂಭೀರ್ಯ ಇಲ್ಲ. ಆದರೂ ಯಾದೃಚ್ಛಿಕದ ಬದಲು ಇನ್ನೊಂದು ಹೇಳಲು ನನ್ನ ಹತ್ತಿರವೂ ಇಲ್ಲ. ಬರೆಯಿರಿ.

ಮರು:
ತೋರಿಕೆಗೆ ನನ್ನ ಒಪ್ಪಿಗೆ ಇದೆ. ಅಧ್ಯಯನ, ಚಿಕಿತ್ಸೆ ಎರಡೂ ಎರವಲು. ಅದನ್ನು ಬೇರೆ ಎಳೆಯಲ್ಲಿ ಎತ್ತುತ್ತೇನೆ.