1970ರ ಶೆವೆಲ್: ಎಲ್‌ಎಸ್6 ಎಂಜಿನ್ ಅಸಲಿಯೇ ಅಂತ ತಿಳಿಯೋದು ಹೇಗೆ?

ಸಪ್ತಾಪುರ, ಧಾರವಾಡ:
ನಮ್ಮಣ್ಣ ಮಿಶಿಗನ್‌ನಲ್ಲಿದ್ದಾನೆ. 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ ಕಾರು ಕೊಳ್ಳೋಕೆ ಹೊರಟಿದ್ದಾನೆ. ಕಂಪನಿಯಿಂದಲೇ ಎಲ್‌ಎಸ್6 ಅನ್ನೋ ಎಂಜಿನ್ ಬಂದಿದೆ, 454 ಕ್ಯೂಬಿಕ್ ಇಂಚು, 450 ಹಾರ್ಸ್‌ಪವರ್ ಅಂತ ಮಾರುವವರು ಹೇಳ್ತಾರೆ. ಅದಕ್ಕೇ ರೇಟು ಸಿಕ್ಕಾಪಟ್ಟೆ ಜಾಸ್ತಿ. ಚಾಸಿ ನಂಬರ್‌ನಿಂದ ಗೊತ್ತಾಗುತ್ತಾ?

ಗೋಕುಲ ರೋಡ್ ಲೇತ್, ಹುಬ್ಬಳ್ಳಿ:
ಇಲ್ಲ. ಆ ವರ್ಷದ ಶೆವೆಲ್ ಚಾಸಿ ನಂಬರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಅಂತಷ್ಟೇ ಹೇಳುತ್ತದೆ, ಯಾವ ವಿ8 ಅಂತ ಅಲ್ಲ. ಎಂಜಿನ್ ಮುಂದೆ ಬಲಗಡೆ, ಸಿಲಿಂಡರ್ ಹೆಡ್ ಕೂರುವ ಕಡೆ, ಒಂದು ಚಪ್ಪಟೆ ಜಾಗ ಇದೆ. ಅಲ್ಲಿ ಪಂಚ್ ಹೊಡೆದಿರುತ್ತಾರೆ: ಎಂಜಿನ್ ತಯಾರಾದ ಟೊನವಾಂಡ ಕಾರ್ಖಾನೆಯ 'ಟಿ', ತಿಂಗಳು-ದಿನದ ನಾಲ್ಕು ಅಂಕಿ, ಆಮೇಲೆ ಮೂರಕ್ಷರ. ನಾಲ್ಕು ಗೇರಿನ ಎಲ್‌ಎಸ್6 ಆದರೆ ಸಿಆರ್‌ವಿ, ಆಟೊಮ್ಯಾಟಿಕ್ ಆದರೆ ಸಿಆರ್‌ಆರ್.

ಆದರೆ ಬರೀ ಅಕ್ಷರ ಓದಿ ನಂಬಬೇಡಿ. ಲೋಹದ ಮೇಲೆ ಅಕ್ಷರ ಹೊಡೆಯೋ ಪಂಚ್ ಸೆಟ್ ನನ್ನ ಟೇಬಲ್ ಮೇಲೂ ಇದೆ, ಹೊಡೆಯೋದು ಐದು ನಿಮಿಷದ ಕೆಲಸ. ಅಕ್ಷರದ ಸುತ್ತಲಿನ ಲೋಹ ನೋಡಿ. ಕಾರ್ಖಾನೆಯಲ್ಲಿ ಆ ಮುಖ ಸಮ ಮಾಡೋಕೆ ಬ್ರೋಚ್ ಮಷಿನ್ ಓಡಿದಾಗ ಮುಂದಿನಿಂದ ಹಿಂದಕ್ಕೆ ಸಣ್ಣ ಗೀರು ಬೀಳುತ್ತವೆ, ಬಾಚಣಿಗೆ ಎಳೆದ ಹಾಗೆ. ಪಂಚ್ ಅದರ ಮೇಲೆ ಬೀಳುತ್ತದೆ. ಹಳೇ ನಂಬರ್ ಗ್ರೈಂಡ್ ಮಾಡಿದರೆ ಗೀರೂ ಹೋಗುತ್ತವೆ. ಆರ್‌ಟಿಓಗೆ ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್ ತೆಗೀತೀವಲ್ವಾ? ಹಾಗೇ ತೆಳು ಕಾಗದ ಇಟ್ಟು ಒಂದು ಪ್ರಿಂಟ್ ತೆಗೆಯಲಿ. ಗೀರಿದ್ದರೆ ಕಾಗದದ ಮೇಲೆ ಕಾಣುತ್ತವೆ.

ನಾನು ಒಮ್ಮೆ ಹೈ ಟಾರ್ಕ್ ಮಾದರಿ ಅಂತ ನಂಬಿ ರಾಜದೂತ್ 350 ಬೈಕ್ ತಂದೆ. ಬಿಚ್ಚಿದಾಗ ಸಿಲಿಂಡರ್ ಲೋ ಟಾರ್ಕಿನದು. ಆ ಹೊಟ್ಟೆ ಉರಿ ಇನ್ನೂ ಇದೆ.

ಗದಗದಿಂದ:
ಗೀರು ಇಲ್ಲದಿದ್ದರೆ ಮೋಸ ಅಂತಲೇ ಅಲ್ಲ. ರಿಪೇರಿಯಲ್ಲಿ ಎಂಜಿನ್ ಬ್ಲಾಕಿನ ಮುಖ ಮಷಿನ್‌ನಲ್ಲಿ ಸವೆಸಿ ಸಮ ಮಾಡಿಸಿದ್ದರೂ ಹೋಗುತ್ತವೆ. ಬ್ಲಾಕ್ ಎರಕ ಹೊಯ್ದ ತಾರೀಖೂ ನೋಡಿ. ಅದರಲ್ಲಿ ತಿಂಗಳಿಗೆ ಅಕ್ಷರ: ಎ ಅಂದರೆ ಜನವರಿ, ಬಿ ಫೆಬ್ರವರಿ. ಅದು ಪಂಚ್ ತಾರೀಖಿಗಿಂತ ಮುಂಚೆ ಇರಲೇಬೇಕು. ಮತ್ತೆ, ಬಿಲ್ಡ್ ಶೀಟ್ ಹುಡುಕಿ, ಆ ಗಾಡಿಗೆ ಏನೇನು ಹಾಕಬೇಕು ಅಂತ ಬರೆದ ಕಾರ್ಖಾನೆ ಚೀಟಿ. ಎಷ್ಟೋ ಗಾಡಿಯಲ್ಲಿ ಅದು ಪೆಟ್ರೋಲ್ ಟ್ಯಾಂಕ್ ಮೇಲೇ ಅಂಟಿಕೊಂಡು ಸಿಕ್ಕಿದೆ.

ಸಪ್ತಾಪುರ, ಧಾರವಾಡ:
ಪ್ರಿಂಟ್ ಬಂತು. ಸಿಆರ್‌ವಿ ಇದೆ. ಗೀರು ಒಂದೂ ಇಲ್ಲ, ನುಣ್ಣಗಿದೆ. ಟ್ಯಾಂಕ್ ಇಳಿಸಿ ತೋರಿಸೋವರೆಗೂ ಅಡ್ವಾನ್ಸ್ ಕೊಡಬೇಡ ಅಂತ ಅಣ್ಣನಿಗೆ ಹೇಳಿದ್ದೀನಿ.

ಗೋಕುಲ ರೋಡ್ ಲೇತ್, ಹುಬ್ಬಳ್ಳಿ:
ಒಳ್ಳೇದು ಮಾಡಿದಿರಿ. ಶೀಟ್ ಸಿಕ್ಕರೆ ಫೋಟೊ ಇಲ್ಲಿ ಹಾಕಿ.