ಸಹಾಯ ಬೇಕು: ಅಪ್ಪನ ಅನ್ನನಾಳದ ಕ್ಯಾನ್ಸರ್, ಹರ್-2 ರಿಪೋರ್ಟ್

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಕ್ಯಾನ್ಸರ್, ಅಡಿನೋಕಾರ್ಸಿನೋಮ (ಗ್ರಂಥಿಯ ಜೀವಕೋಶಗಳಲ್ಲಿ ಶುರುವಾಗುವ ವಿಧ). ಲಿವರ್‌ಗೂ ಹರಡಿದೆ. ಗಂಜಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿಲ್ಲ.

ಬಯಾಪ್ಸಿಯಲ್ಲಿ ಹರ್-2 (HER2, ಜೀವಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ಪ್ರೋಟೀನ್; ಅದರ ಜೀನ್‌ಗೂ ಇದೇ ಹೆಸರು) '2+' ಅಂತ ಬಂದಿದೆ. 17ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್‌ನ ಪ್ರತಿಗಳು ಜಾಸ್ತಿಯಾದರೆ, ಜೀವಕೋಶಕ್ಕೆ 'ಬೆಳೆ, ಬೆಳೆ' ಅನ್ನುವ ಸೂಚನೆ ನಿಲ್ಲುವುದೇ ಇಲ್ಲ. ಆಗ ಕೀಮೋ ಜೊತೆ ಹರ್-2 ತಡೆಯುವ ಟ್ರಾಸ್ಟುಜುಮ್ಯಾಬ್ ಅನ್ನುವ ಔಷಧಿ ಕೊಡಬಹುದು. ಆದರೆ 2+ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ (FISH) ಟೆಸ್ಟ್ ಮಾಡಿಸಲೇಬೇಕು ಅಂದಿದ್ದಾರೆ ಡಾಕ್ಟರು.

ನಾವಿರುವುದು ದಾವಣಗೆರೆ ಹತ್ತಿರದ ಹಳ್ಳಿ. ಈ ಟೆಸ್ಟ್ ಎಲ್ಲಿ ಬೇಗ ಆಗುತ್ತದೆ? ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಇಟ್ಟಿರುವ ಗಡ್ಡೆಯ ತುಣುಕು) ಕಳಿಸಿದರೆ ಸಾಕಾ, ಅಪ್ಪನನ್ನೂ ಕರೆದೊಯ್ಯಬೇಕಾ? ಅವರಿಗೆ ಪ್ರಯಾಣ ಆಗುವುದಿಲ್ಲ. ಮಾಡಿಸಿದವರು ಯಾರಾದರೂ ಇದ್ದರೆ ಖರ್ಚು ಎಷ್ಟಾಯ್ತು ಅಂತಲೂ ದಯವಿಟ್ಟು ತಿಳಿಸಿ.